ದಾಖಲೆ ಇದ್ದರೆ ಸಾಕೇ? ಐರ್ಲೆಂಡಿನ ಕನ್ಯಾಮಠಗಳ ರಿಜಿಸ್ಟರ್‌ಗಳಿಂದ ಒಂದು ಪಾಠ

ಬೋಧನಾಭ್ಯಾಸದ ವೇಳೆ ಎಂಟನೇ ತರಗತಿಯಲ್ಲಿ ‘ಇತಿಹಾಸದ ಆಧಾರಗಳು’ ಕುರಿತ ಪಾಠವೊಂದನ್ನು ವೀಕ್ಷಿಸುತ್ತಿದ್ದೆ. “ಬರೆದಿಟ್ಟದ್ದೆಲ್ಲ ನಿಜಾನಾ ಮಿಸ್?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. “ಹೌದಮ್ಮ, ದಾಖಲೆ ಇದ್ದರೆ ಅದೇ ಸಾಕ್ಷಿ” ಎಂದರು ಪ್ರಶಿಕ್ಷಣಾರ್ಥಿ. ಪಾಠದ ನಂತರದ ಚರ್ಚೆಯಲ್ಲಿ ನಾನೂ ಆ ಉತ್ತರವನ್ನು ತಿದ್ದಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ಇದಕ್ಕೆ ನಾನು ಈಗ ಬಳಸುವ ಉದಾಹರಣೆ ಐರ್ಲೆಂಡಿನದು. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲೇ, ಡಬ್ಲಿನ್‌ನ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟ ಮತ್ತು ಬೆಂಕಿಗೆ ಸಿಕ್ಕಿ, ಶತಮಾನಗಳ ಸರ್ಕಾರಿ ಕಾಗದಪತ್ರಗಳು ನಾಶವಾದವು. ಹೀಗಾಗಿ ಬೇರೆಡೆ ಉಳಿದ ದಾಖಲೆಗಳಿಗೆ ಬೆಲೆ ಹೆಚ್ಚಿತು. ಅವುಗಳಲ್ಲಿ ಕ್ಯಾಥೊಲಿಕ್ ಧಾರ್ಮಿಕ ಸಭೆಗಳ ಸಂಗ್ರಹಗಳು ಮುಖ್ಯವಾದವು. ನ್ಯಾನೊ ನೇಗಲ್ 1775ರಲ್ಲಿ ಕಾರ್ಕ್‌ನಲ್ಲಿ, ಕ್ಯಾಥರೀನ್ ಮೆಕಾಲೆ 1831ರಲ್ಲಿ ಡಬ್ಲಿನ್‌ನಲ್ಲಿ ಸ್ಥಾಪಿಸಿದಂಥ ಸಭೆಗಳೇ ಆ ದೇಶದ ಎಷ್ಟೋ ಶಾಲೆ, ಆಸ್ಪತ್ರೆಗಳನ್ನು ನಡೆಸಿದವು.

ಈ ಸಂಗ್ರಹಗಳಲ್ಲಿ ಮಠದ ವೃತ್ತಾಂತ, ಪ್ರವೇಶ ರಿಜಿಸ್ಟರ್, ಲೆಕ್ಕದ ಪುಸ್ತಕ, ಪತ್ರಗಳು ಇರುತ್ತವೆ. ಒಂದೊಂದನ್ನೂ ಬರೆದದ್ದು ಒಂದೊಂದು ಉದ್ದೇಶಕ್ಕೆ. ವೃತ್ತಾಂತ ಮುಂದಿನ ಸನ್ಯಾಸಿನಿಯರಿಗಾಗಿ. ಅದರಲ್ಲಿ ಸ್ಥಾಪಕರ ಗುಣ, ಮಠದ ಬೆಳವಣಿಗೆ ಎದ್ದು ಕಾಣುತ್ತವೆ. ರಿಜಿಸ್ಟರ್ ಆಡಳಿತಕ್ಕಾಗಿ, ಅದಕ್ಕೆ ಬೇಕಾದಷ್ಟೇ ಅದರಲ್ಲಿರುತ್ತದೆ.

ಮ್ಯಾಗ್ಡಲೀನ್ ಲಾಂಡ್ರಿಗಳನ್ನು ನೋಡಿ. ಸನ್ಯಾಸಿನಿಯರ ಸಭೆಗಳು ನಡೆಸುತ್ತಿದ್ದ ಈ ಬಟ್ಟೆ ಒಗೆಯುವ ಸಂಸ್ಥೆಗಳಲ್ಲಿ ಮಹಿಳೆಯರು ಕೂಲಿಯಿಲ್ಲದೆ ದುಡಿದರು. ಹಲವರಿಗೆ ಒಳಗೆ ಬೇರೆ ಹೆಸರು ಇಡಲಾಗುತ್ತಿತ್ತು. 1993ರಲ್ಲಿ ಡಬ್ಲಿನ್‌ನ ಹೈ ಪಾರ್ಕ್ ಕನ್ಯಾಮಠ ತನ್ನ ಜಮೀನಿನ ಒಂದು ಭಾಗವನ್ನು ಮಾರಿದಾಗ ಅಲ್ಲಿನ ಸಮಾಧಿಗಳನ್ನು ತೆರವು ಮಾಡಬೇಕಾಯಿತು. 133 ದೇಹಗಳಿಗೆ ಅನುಮತಿ ಪಡೆಯಲಾಗಿತ್ತು, ಸಿಕ್ಕಿದ್ದು 155. ಹಲವರಿಗೆ ಮರಣ ಪ್ರಮಾಣಪತ್ರ ಇರಲಿಲ್ಲ. ಕೆಲವರು ಪಟ್ಟಿಯಲ್ಲಿ ಮಠ ಇಟ್ಟ ಹೆಸರಿನಿಂದ ಮಾತ್ರ ಉಳಿದಿದ್ದರು.

ಇದೇ ರಿಜಿಸ್ಟರ್‌ಗಳು ಮುಂದೆ ಆ ಮಹಿಳೆಯರ ಪರ ಸಾಕ್ಷಿಯೂ ಆದವು. ಮಹಿಳೆಯರನ್ನು ಲಾಂಡ್ರಿಗೆ ಸೇರಿಸಿದ್ದು ತಾನಲ್ಲ ಎಂಬುದು ಸರ್ಕಾರದ ಹಿಂದಿನ ನಿಲುವು. ಮಾರ್ಟಿನ್ ಮ್ಯಾಕಲೀಸ್ ಅಧ್ಯಕ್ಷತೆಯ ಸಮಿತಿ, ನಾಲ್ಕು ಸಭೆಗಳು ನಡೆಸಿದ ಹತ್ತು ಲಾಂಡ್ರಿಗಳನ್ನು ಪರಿಶೀಲಿಸಿ, ಮಠದ ನಮೂದುಗಳನ್ನು ಸರ್ಕಾರಿ ಕಡತಗಳೊಂದಿಗೆ ಹೋಲಿಸಿತು. 1922ರ ನಂತರ ಸುಮಾರು 10,000 ಮಹಿಳೆಯರು ಅಲ್ಲಿಗೆ ಸೇರಿದ್ದರು. ಯಾರು ಕಳುಹಿಸಿದರೆಂದು ತಿಳಿದಿರುವ ಪ್ರಕರಣಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸರ್ಕಾರದ ಮೂಲಕವೇ ಬಂದವು. 2013ರ ಫೆಬ್ರವರಿಯಲ್ಲಿ ಪ್ರಧಾನಿ ಎಂಡಾ ಕೆನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಆದರೂ ಎರಡು ಲಾಂಡ್ರಿಗಳ ರಿಜಿಸ್ಟರ್‌ಗಳು ಉಳಿದಿರಲಿಲ್ಲ. ಹೊರಟ ದಿನಾಂಕವಿಲ್ಲದ ನಮೂದುಗಳೂ ಬಹಳ. ಹಾಗಿರುವಾಗ ಮಹಿಳೆಯರು ಅಲ್ಲಿ ಸರಾಸರಿ ಎಷ್ಟು ಕಾಲ ಇದ್ದರು ಎಂಬ ಲೆಕ್ಕವನ್ನು ಎಷ್ಟು ನಂಬಬೇಕು? ಅಲ್ಲಿ ಬದುಕಿ ಬಂದವರ ಮಾತಿಗೆ ವರದಿ ಸಾಕಷ್ಟು ತೂಕ ಕೊಟ್ಟಿಲ್ಲ ಎಂಬ ಟೀಕೆಯೂ ಬಂತು. ಈ ಸಂಗ್ರಹಗಳು ಖಾಸಗಿ ಸ್ವತ್ತು. ಯಾರು ನೋಡಬಹುದು ಎಂದು ತೀರ್ಮಾನಿಸುವುದು ಆಯಾ ಸಭೆಯೇ.

ತರಗತಿಗೆ ಇದನ್ನು ಇಳಿಸಲು ನಮ್ಮ ಶಾಲೆಯ ದಾಖಲಾತಿ ರಿಜಿಸ್ಟರ್ ಸಾಕು. ಹೆಸರುಗಳನ್ನು ತೋರಿಸದೆ, ಅಂಕಣಗಳ ಶೀರ್ಷಿಕೆಗಳನ್ನು ಮಾತ್ರ ಹಲಗೆಯ ಮೇಲೆ ಬರೆಯಿರಿ. ಆಮೇಲೆ ಮೂರು ಪ್ರಶ್ನೆ ಕೇಳಿ: ಇದನ್ನು ಬರೆದವರು ಯಾರು, ಯಾತಕ್ಕೆ? ನಿಮ್ಮ ಬದುಕಿನ ಯಾವ ಸಂಗತಿ ಇದರಲ್ಲಿಲ್ಲ? ಅದನ್ನು ತಿಳಿಯಲು ಬೇರೆ ಯಾವ ದಾಖಲೆ ನೋಡಬೇಕು, ಯಾರನ್ನು ಕೇಳಬೇಕು? ಮಕ್ಕಳು ಉತ್ತರಿಸುವವರೆಗೆ ಕಾಯಿರಿ.

ಆ ಹುಡುಗಿಗೆ ಇಂದು ನಾನು ಹೇಳುವುದು ಇಷ್ಟೇ: “ಬರೆದದ್ದು ಸಾಕ್ಷಿ ಹೌದಮ್ಮ. ಆದರೆ ಸಾಕ್ಷಿಯನ್ನೂ ವಿಚಾರಿಸಬೇಕು.”