‘ದುಡ್ಡು ಹಾಕಿದೀನಿ, ನೋಡವ್ವ’

ಶಿಕಾರಿಪುರ, ಸೊರಬ ಎರಡೂ ರಾಜ್ಯಕ್ಕೆ ಒಬ್ಬೊಬ್ಬ ಮುಖ್ಯಮಂತ್ರಿಯನ್ನು ಕೊಟ್ಟ ತಾಲ್ಲೂಕುಗಳು. ಆದರೂ ದುಡಿಮೆಗೆಂದು ಊರು ಬಿಡುವುದು ಇಲ್ಲಿ ನಿಂತಿಲ್ಲ. ಹುಡುಗರು ಬೆಂಗಳೂರಿನ ಗಾರೆ ಕೆಲಸಕ್ಕೆ, ಹೋಟೆಲಿಗೆ ಹೋಗುತ್ತಾರೆ, ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೆ. ಶಿಕಾರಿಪುರದ ತಾಂಡಾಗಳವರು ಮೆಕ್ಕೆಜೋಳ ಮುರಿದಾದ ಮೇಲೆ ಮಂಡ್ಯದ ಕಡೆ ಕಬ್ಬು ಕಡಿಯಲು, ಚಿಕ್ಕಮಗಳೂರಿನ ತೋಟಗಳಿಗೆ ಕಾಫಿ ಕೊಯ್ಯಲು ಹೊರಡುತ್ತಾರೆ. ಅವರು ಊರಿಗೆ ಕಳಿಸುವ ಸಾವಿರ, ಎರಡು ಸಾವಿರ ಯಾವ ಬಜೆಟ್ ಭಾಷಣದಲ್ಲೂ ಕಾಣುವುದಿಲ್ಲ. ಮನೆ ನಡೆಯುವುದು ಮಾತ್ರ ಅದರಿಂದಲೇ.

ಒಂದೊಂದಾಗಿ ನೋಡಿದರೆ ಸಣ್ಣ ಮೊತ್ತ, ಕೂಡಿಸಿದರೆ ಸಣ್ಣದಲ್ಲ. ವಲಸೆಯ ಅಧ್ಯಯನಕಾರ ಚಿನ್ಮಯ್ ತುಂಬೆ ಅವರ ಅಂದಾಜಿನಂತೆ, 2007–08ರಲ್ಲಿ ದೇಶದೊಳಗೇ ಹೀಗೆ ಹರಿದಾಡಿದ ಹಣ ಸುಮಾರು 1,000 ಕೋಟಿ ಡಾಲರ್. ಅದರಲ್ಲಿ 80% ಸೇರಿದ್ದು ಹಳ್ಳಿಯ ಮನೆಗಳಿಗೆ. ಗ್ರಾಮೀಣ ಭಾರತದಲ್ಲಿ ಹತ್ತರಲ್ಲಿ ಹೆಚ್ಚುಕಡಿಮೆ ಒಂದು ಮನೆ ಇಂಥ ಹಣ ಪಡೆಯುತ್ತಿತ್ತು. ಆ ಮನೆಗಳ ಖರ್ಚಿನ 30%ಕ್ಕೂ ಹೆಚ್ಚು ಪಾಲು ಇದರಿಂದಲೇ ನೀಗುತ್ತಿತ್ತು.

1880ರಲ್ಲಿ ಶುರುವಾದ ಅಂಚೆಯ ಮನಿಯಾರ್ಡರ್ ಈ ದಾರಿಯ ಹಿರಿಯಣ್ಣ. ನೂರಕ್ಕೆ ಐದು ರೂಪಾಯಿ ಕಮಿಷನ್. ಆದರೆ ಅಂಚೆಯವರು ಜಗಲಿಗೇ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ನೋಟು ಎಣಿಸಿ ಕೊಡುತ್ತಿದ್ದರು, ಚೀಟಿಯಲ್ಲಿ ಮಗ ಬರೆಸಿದ ನಾಲ್ಕು ಮಾತನ್ನೂ ಓದಿ ಹೇಳುತ್ತಿದ್ದರು. 2016ರಲ್ಲಿ ಯುಪಿಐ ಬಂತು. ಈಗ ಕಳಿಸುವವನಿಗೆ ಖರ್ಚಿಲ್ಲ, ಕಾಯುವ ಕೆಲಸವೂ ಇಲ್ಲ. ‘ದುಡ್ಡು ಹಾಕಿದೀನಿ, ನೋಡವ್ವ’ ಎಂದು ಫೋನು ಬರುವಷ್ಟರಲ್ಲಿ ಹಣ ಬಂದಿರುತ್ತದೆ. ನೋಡುವುದು ಹೇಗೆ? ಅವ್ವನ ಕೈಯಲ್ಲಿರುವುದು ಬಟನ್ ಫೋನು. ಎಷ್ಟೋ ಕಡೆ ಹಣ ಬೀಳುವುದು ಪಕ್ಕದ ಮನೆ ಹುಡುಗನ ಖಾತೆಗೆ. ಅವನು ಶಿರಾಳಕೊಪ್ಪಕ್ಕೋ ಆನವಟ್ಟಿಗೋ ಹೋದ ದಿನ ನೋಟು ಕೈಗೆ ಬರುತ್ತದೆ. ಕಳಿಸುವ ಖರ್ಚು ಇಲ್ಲವಾಯಿತು; ಕೈಗೆ ಬರುವ ಖರ್ಚು ಉಳಿದೇ ಇದೆ.

ಇಷ್ಟಾದರೂ ಈ ಹಣದ ಗುಣವೇ ಬೇರೆ. ಗೃಹಲಕ್ಷ್ಮಿಯ 2,000 ರೂಪಾಯಿ ಸರ್ಕಾರ ಹಾಕಿದಾಗ ಬರುತ್ತದೆ. ಮಗಳ ಹಣ ಕೇಳಿದಾಗ ಬರುತ್ತದೆ: ಜೂನ್‌ನಲ್ಲಿ ಬೀಜ, ಗೊಬ್ಬರಕ್ಕೆ, ಶಾಲೆ ತೆರೆದಾಗ ಪುಸ್ತಕಕ್ಕೆ, ಜ್ವರ ಬಂದಾಗ ಆಸ್ಪತ್ರೆಗೆ. ಜ್ವರ ಅಂದರೆ ಸೊರಬದಲ್ಲಿ ಹಗುರ ಮಾತಲ್ಲ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮನೆಯಲ್ಲಿ ಒಬ್ಬರು ಮಲಗಿದರೆ ಅವರ ಕೂಲಿ ಹೋಯಿತು, ನೋಡಿಕೊಳ್ಳುವವರ ಕೂಲಿಯೂ ಹೋಯಿತು.

ಮಳೆ ಕೈಕೊಟ್ಟಾಗಲೂ ಹಾಗೇ. ಫಿಲಿಪ್ಪೀನ್ಸ್‌ನಲ್ಲಿ ಡೀನ್ ಯಾಂಗ್ ಮತ್ತು ಹ್ವಾಜುಂಗ್ ಚೋಯ್ ನಡೆಸಿದ ಅಧ್ಯಯನವೊಂದಿದೆ. ಮಳೆ ಹೆಚ್ಚುಕಡಿಮೆಯಾಗಿ ಆದಾಯ ಕುಸಿದಾಗ, ಹೊರದೇಶದಲ್ಲಿ ದುಡಿಯುವವರಿದ್ದ ಮನೆಗಳಲ್ಲಿ ನಷ್ಟದ ಸುಮಾರು 60% ಅವರು ಕಳಿಸಿದ ಹಣದಿಂದಲೇ ತುಂಬಿತ್ತು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಪರಿಹಾರಕ್ಕಾಗಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಮಗ ಕಳಿಸುವ ಬೆಳೆವಿಮೆಗೆ ಸರ್ವೆ ನಂಬರೂ ಬೇಡ, ಕೋರ್ಟೂ ಬೇಡ.

ಹಾಗಾದರೆ ಕಡುಬಡವರಿಗೆ ಇದರಿಂದ ಅನುಕೂಲವೇ? ಬಡವರಿಗೆ ಹೌದು, ಕಡುಬಡವರಿಗೆ ಅಷ್ಟಾಗಿ ಇಲ್ಲ ಎನ್ನುವುದು ನನ್ನ ಲೆಕ್ಕ. ಹಣ ಕಳಿಸಬೇಕಾದರೆ ಒಬ್ಬರು ಹೋಗಬೇಕು, ಒಬ್ಬರು ಮನೆಯಲ್ಲಿ ಉಳಿಯಬೇಕು. ಕಬ್ಬಿನ ಗ್ಯಾಂಗಿಗೆ ಗಂಡ ಹೆಂಡತಿ ಜೋಡಿಯಾಗಿ ಹೋಗುತ್ತಾರೆ, ಕೂಸನ್ನೂ ಕಟ್ಟಿಕೊಂಡು. ಮೇಸ್ತ್ರಿ ಕೊಟ್ಟ ಮುಂಗಡ ಹೊರಡುವ ಮೊದಲೇ ಹಳೇ ಸಾಲಕ್ಕೆ ಜಮಾ ಆಗಿರುತ್ತದೆ. ಮುಂದಿನ ತಿಂಗಳುಗಳ ದುಡಿಮೆಯೆಲ್ಲ ಆ ಮುಂಗಡ ತೀರಿಸಲಿಕ್ಕೆ. ಅಜ್ಜಿಯ ಹತ್ತಿರ ಬಿಟ್ಟುಹೋದ ದೊಡ್ಡ ಮಗುವಿಗೆ ಕಳಿಸಲು ಏನು ಉಳಿದೀತು? ಊರಿಗೆ ಬಂದ ಹಣವೂ ಅನೇಕ ಕಡೆ ಅಡುಗೆಮನೆಗಿಂತ ಮೊದಲು ವಾರದ ಕಂತಿಗೆ ಹೋಗುತ್ತದೆ. ಮೈಕ್ರೋಫೈನಾನ್ಸ್ ವಸೂಲಿಯ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾದ ರಾಜ್ಯ ನಮ್ಮದು.

ದೂರ ಹೋದವರ ಪಾಡು ನೋಡಬೇಕೆಂದರೆ ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಗಳ ಹಕ್ಕಿಪಿಕ್ಕಿಗಳನ್ನು ನೆನೆಯಬೇಕು. ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾ ಸುತ್ತುವ ಜನ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾಗಿ ಅವರಲ್ಲಿ ಹಲವರು ಅಲ್ಲಿ ಸಿಕ್ಕಿಬಿದ್ದಾಗಲಷ್ಟೇ ರಾಜ್ಯಕ್ಕೆ ಅವರ ಸುದ್ದಿ ತಿಳಿಯಿತು. ಕೇಂದ್ರ ಸರ್ಕಾರದ ತೆರವು ಕಾರ್ಯಾಚರಣೆ ‘ಆಪರೇಷನ್ ಕಾವೇರಿ’ ಅವರನ್ನು ಊರಿಗೆ ತಂದಿತು.

ಇಂಥ ಸುದ್ದಿ ಮೊದಲೇ ತಿಳಿಯಬೇಕಾದರೆ, ಯಾರು ಎಲ್ಲಿ ದುಡಿಯಲು ಹೋಗಿದ್ದಾರೆ ಎಂಬ ಪಟ್ಟಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇರಲೇಬೇಕು. ಮುಂಗಡ ಎಷ್ಟು, ಯಾವ ಮೇಸ್ತ್ರಿ ಎಂಬುದೂ ಅದರಲ್ಲಿ ಬರೆದಿರಲಿ. ಇನ್ನು ಬೆಂಗಳೂರಿನಿಂದ ಊರಿಗೆ ಹಣ ಹಾಕುವವರಿಗೆ ಒಂದು ಮಾತು: ಪಕ್ಕದ ಮನೆಯವರ ಖಾತೆ ಸಾಕು ಮಾಡಿ, ಅವ್ವನ ಹೆಸರಿನ ಖಾತೆಗೇ ಹಾಕಿ. 2018ರಿಂದ ಅಂಚೆ ಇಲಾಖೆಗೆ ತನ್ನದೇ ಪೇಮೆಂಟ್ಸ್ ಬ್ಯಾಂಕ್ ಇದೆ. ಆಧಾರ್ ಜೋಡಿಸಿದ ಖಾತೆಯಾದರೆ, ಯಾವ ಬ್ಯಾಂಕಿನದಾದರೂ ಸರಿ, ಅಂಚೆಯವರು ಬೆರಳಚ್ಚು ಪಡೆದು ಮನೆ ಬಾಗಿಲಲ್ಲೇ ನಗದು ಕೊಡುತ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಅಂಚೆ ಕಚೇರಿಗೆ ಅವ್ವನನ್ನು ಕರೆದುಕೊಂಡು ಹೋಗಿ ಆಧಾರ್ ಜೋಡಿಸಿದ ಖಾತೆಯೊಂದನ್ನು ಮಾಡಿಸಿ ಬನ್ನಿ.