ರಾತ್ರಿ ಗಿಳಿಗಳ ಕಾವಲುಗಾರ

ಭೂಪಟದಲ್ಲಿ ನ್ಯೂಜಿಲೆಂಡನ್ನು ಹುಡುಕಿ. ಉದ್ದಕ್ಕೆ ಮಲಗಿದ ಎರಡು ದೊಡ್ಡ ದ್ವೀಪಗಳು ಕಾಣುತ್ತವೆ. ಕೆಳಗಿನದರ ನೈಋತ್ಯ ಮೂಲೆಗೆ ಬಂದರೆ ಕರಾವಳಿಯ ಗೆರೆ ಹರಿದ ಬಟ್ಟೆಯ ಅಂಚಿನಂತೆ ಚಿಂದಿಚಿಂದಿಯಾಗಿದೆ. ಒಂದು ಕಾಲದಲ್ಲಿ ಹಿಮನದಿಗಳು ಕೊರೆದ ಆಳವಾದ ಕಣಿವೆಗಳಿಗೆ ಆಮೇಲೆ ಸಮುದ್ರ ನುಗ್ಗಿ ಆದ ಕೊಲ್ಲಿಗಳು ಅವು. ಈ ಸೀಮೆಗೆ ಫಿಯೋರ್ಡ್‌ಲ್ಯಾಂಡ್ ಎಂದು ಹೆಸರು. ಅಲ್ಲಿನ ಕೊಲ್ಲಿಗಳಲ್ಲಿ ಒಂದು ಡಸ್ಕಿ ಸೌಂಡ್. ಅದರ ಬಾಯಲ್ಲೇ ಇದೆ ರೆಸಲ್ಯೂಷನ್ ದ್ವೀಪ. 1773ರಲ್ಲಿ ಕ್ಯಾಪ್ಟನ್ ಕುಕ್ ಇಲ್ಲಿಗೆ ಬಂದಾಗ ಅವನ ಹಡಗಿನ ಹೆಸರು ರೆಸಲ್ಯೂಷನ್. ಅದೇ ದ್ವೀಪಕ್ಕೂ ಉಳಿಯಿತು. ಸುಮಾರು ಇನ್ನೂರು ಚದರ ಕಿಲೋಮೀಟರ್ ವಿಸ್ತಾರ, ಕಡಿದಾದ ಬೆಟ್ಟ, ದಟ್ಟ ಕಾಡು, ಜನವಸತಿ ಇಲ್ಲ.

1891ರಲ್ಲಿ ಅಲ್ಲಿನ ಸರ್ಕಾರ ಈ ದ್ವೀಪವನ್ನು ನಾಡಿನ ಮೂಲ ಹಕ್ಕಿಗಳಿಗಾಗಿ ಮೀಸಲಿಟ್ಟಿತು. ಮೀಸಲಿಟ್ಟರೆ ಸಾಕೇ? ಹಕ್ಕಿಗಳನ್ನು ಹಿಡಿದು ತಂದು ಬಿಡಬೇಕು, ಕಾಯಬೇಕು. ಅದಕ್ಕೊಬ್ಬ ಆಳು ಬೇಕು. 1894ರಲ್ಲಿ ಆ ಕೆಲಸಕ್ಕೆ ನೇಮಕವಾದವನು ರಿಚರ್ಡ್ ಹೆನ್ರಿ. ಹಕ್ಕಿಗಳ ದ್ವೀಪವೊಂದಕ್ಕೆ ಸರ್ಕಾರಿ ಸಂಬಳದ ಕಾವಲುಗಾರ ಎಂಬ ಕಲ್ಪನೆಯೇ ಆಗ ಹೊಸದು.

ಹೆನ್ರಿ ಹುಟ್ಟಿದ್ದು 1845ರಲ್ಲಿ, ಐರ್ಲೆಂಡಿನಲ್ಲಿ. ಸಣ್ಣವನಿದ್ದಾಗಲೇ ಮನೆಮಂದಿಯೊಂದಿಗೆ ಆಸ್ಟ್ರೇಲಿಯಾಕ್ಕೆ ವಲಸೆ. ದೊಡ್ಡವನಾದ ಮೇಲೆ ನ್ಯೂಜಿಲೆಂಡಿಗೆ ಬಂದು ಟೆ ಅನೌ ಎಂಬ ದೊಡ್ಡ ಸರೋವರದ ದಂಡೆಯಲ್ಲಿ ಗುಡಿಸಲು ಹಾಕಿದ. ಮೊಲ ಹಿಡಿಯುವುದು, ದೋಣಿ ಕಟ್ಟುವುದು, ಕಾಡಿಗೆ ಬಂದವರಿಗೆ ದಾರಿ ತೋರಿಸುವುದು, ಸತ್ತ ಹಕ್ಕಿಗಳ ಚರ್ಮಕ್ಕೆ ಹುಲ್ಲು ತುಂಬಿ ಸಂಗ್ರಹಾಲಯಗಳಿಗೆ ಸಿದ್ಧಪಡಿಸುವುದು, ಹೀಗೆ ಸಿಕ್ಕಿದ ಕೆಲಸ ಮಾಡಿಕೊಂಡಿದ್ದ. ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಇದ್ದದ್ದು ನೋಡುವ ಕಣ್ಣು, ನೋಡಿದ್ದನ್ನು ಬರೆದಿಡುವ ಅಭ್ಯಾಸ.

ಅವನ ಕಣ್ಣಿಗೆ ಬಿದ್ದ ಹಕ್ಕಿಗಳಲ್ಲಿ ವಿಚಿತ್ರವಾದದ್ದು ಕಾಕಪೋ. ಹೆಸರಿನಲ್ಲಿ ಕಾಕ ಇದ್ದರೂ ಕಾಗೆಗೂ ಇದಕ್ಕೂ ಸಂಬಂಧವಿಲ್ಲ. ಮಾವೋರಿ ಭಾಷೆಯಲ್ಲಿ ಕಾಕಾ ಎಂದರೆ ಗಿಳಿ, ಪೋ ಎಂದರೆ ರಾತ್ರಿ. ಹಗಲೆಲ್ಲ ಅಡಗಿದ್ದು ರಾತ್ರಿ ಹೊರಬೀಳುವ, ಹಾರಲಾರದ, ಪಾಚಿಯ ಬಣ್ಣದ ದೊಡ್ಡ ಗಿಳಿ ಇದು. ಗಂಡು ನಾಲ್ಕು ಕಿಲೋವರೆಗೂ ತೂಗುವುದುಂಟು. ಬಾವಲಿಗಳನ್ನು ಬಿಟ್ಟರೆ ನ್ಯೂಜಿಲೆಂಡಿನ ನೆಲಕ್ಕೆ ಸೇರಿದ ಸಸ್ತನಿ ಪ್ರಾಣಿಯೇ ಇರಲಿಲ್ಲ. ಶತ್ರು ಬಂದರೆ ಆಕಾಶದಿಂದ ಬರಬೇಕು, ಹದ್ದಿನ ರೂಪದಲ್ಲಿ. ಹದ್ದು ನಂಬುವುದು ಕಣ್ಣನ್ನು. ಆದ್ದರಿಂದ ಅಪಾಯ ಕಂಡರೆ ಕಾಕಪೋ ಓಡುವುದಿಲ್ಲ. ಅಲ್ಲೇ ಕಲ್ಲಿನಂತೆ ನಿಂತುಬಿಡುತ್ತದೆ. ಲಕ್ಷಾಂತರ ವರ್ಷ ಈ ಉಪಾಯ ಚೆನ್ನಾಗಿಯೇ ನಡೆಯಿತು. ಮೂಗು ಹಿಡಿದು ಬರುವ ಬೇಟೆಗಾರನ ಮುಂದೆ ಮಾತ್ರ ಇದು ನಡೆಯುವಂಥದ್ದಲ್ಲ. ಅದರಲ್ಲೂ ಕಾಕಪೋವಿನ ಮೈಗೆ ಗಾಢವಾದ ಒಂದು ಪರಿಮಳ ಬೇರೆ ಇದೆ!

ಮೂಗಿನ ಬೇಟೆಗಾರರನ್ನು ತಂದವರು ಮನುಷ್ಯರೇ. ಯೂರೋಪಿನಿಂದ ಬಂದವರು ಬೇಟೆಗೆಂದು, ಊಟಕ್ಕೆಂದು ಮೊಲಗಳನ್ನು ಬಿಟ್ಟರು. ಮೊಲಗಳು ಲೆಕ್ಕವಿಲ್ಲದಷ್ಟಾಗಿ ಕುರಿಗಳ ಹುಲ್ಲುಗಾವಲನ್ನು ಬೋಳಿಸಿದವು. ಕುರಿಗಾಹಿ ಸಾಹುಕಾರರ ಒತ್ತಾಯಕ್ಕೆ ಮೊಲ ತಿನ್ನಲೆಂದು 1880ರ ದಶಕದಲ್ಲಿ ಫೆರೆಟ್, ವೀಸಲ್, ಸ್ಟೋಟ್‌ಗಳನ್ನು ತರಿಸಿ ಬಿಡಲಾಯಿತು. ಹಕ್ಕಿಗಳ ಗತಿ ಏನಾದೀತೆಂದು ಬಲ್ಲವರು ಎಚ್ಚರಿಸಿದ್ದರು, ಕೇಳಿದವರಿಲ್ಲ. ಸ್ಟೋಟ್ ನೋಡಲು ನಮ್ಮ ಮುಂಗುಸಿಯನ್ನು ಇನ್ನೂ ಚಿಕ್ಕದು ಮಾಡಿದ ಹಾಗೆ, ಕುಲ ಮಾತ್ರ ಬೇರೆ. ಮರ ಹತ್ತುತ್ತದೆ, ಬಿಲ ನುಗ್ಗುತ್ತದೆ, ಈಜುತ್ತದೆ. ಓಡುವ ಮೊಲಕ್ಕಿಂತ ನಿಂತೇ ಇರುವ ಹಕ್ಕಿ ಅದಕ್ಕೆ ಸುಲಭದ ತುತ್ತು. ಟೆ ಅನೌ ಸುತ್ತಮುತ್ತ ಹಕ್ಕಿಗಳು ಕರಗುತ್ತಿದ್ದುದನ್ನು ಹೆನ್ರಿ ಸ್ವತಃ ಕಂಡ. ದ್ವೀಪವೊಂದೇ ದಾರಿ ಎಂಬುದು ಅವನಿಗೆ ಖಚಿತವಾಗಿತ್ತು. ಆದರೆ ಆ ಕೆಲಸ ತನಗೆ ಸಿಗುವ ಸೂಚನೆ ಕಾಣದೆ ಕಾದು ಕಾದು ಎಷ್ಟು ಹತಾಶನಾದನೆಂದರೆ, 1893ರಲ್ಲಿ ಪ್ರಾಣವನ್ನೇ ಕಳೆದುಕೊಳ್ಳಲು ಹೊರಟಿದ್ದ. ಉಳಿದುಕೊಂಡ. ಮರುವರ್ಷ ನೇಮಕವಾಯಿತು. ಆಗ ಅವನಿಗೆ ವಯಸ್ಸು ಐವತ್ತರ ಹತ್ತಿರ.

ಮಳೆ, ನೊಣ, ದೋಣಿ

1894ರ ಜುಲೈನಲ್ಲಿ ಹೆನ್ರಿ ತನ್ನ ಸಹಾಯಕ ಆಂಡ್ರೂ ಬರ್ಟ್‌ನೊಂದಿಗೆ ಡಸ್ಕಿ ಸೌಂಡ್‌ಗೆ ಬಂದಿಳಿದ. ಭೂಮಿಯ ದಕ್ಷಿಣಾರ್ಧದಲ್ಲಿ ಜುಲೈ ಎಂದರೆ ನಡುಚಳಿಗಾಲ. ರೆಸಲ್ಯೂಷನ್ನಿನ ಮಗ್ಗುಲಲ್ಲಿರುವ ಪಿಜನ್ ಎಂಬ ಪುಟ್ಟ ದ್ವೀಪದಲ್ಲಿ ಮನೆ ಎದ್ದಿತು. ಪಕ್ಕದಲ್ಲೇ ಹಿಡಿದು ತಂದ ಹಕ್ಕಿಗಳನ್ನು ಬಿಡುವ ತನಕ ಇಡಲು ಬೇಲಿ ಹಾಕಿದ ಆವರಣ.

ಅಲ್ಲಿನ ಮಳೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಇದೇ ಕರಾವಳಿಯ ಮಿಲ್‌ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ ಸರಾಸರಿ ಆರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮ ಆಗುಂಬೆಯನ್ನು ಬಲ್ಲವರಿಗೆ ಇದರ ಅರ್ಥ ಗೊತ್ತು. ವ್ಯತ್ಯಾಸವೆಂದರೆ ಆಗುಂಬೆಗೆ ಮಳೆಗಾಲ ಎಂಬುದೊಂದಿದೆ. ಅಲ್ಲಿ ವರ್ಷವಿಡೀ ಮಳೆಗಾಲವೇ. ಮಳೆ ಬಿಟ್ಟ ಹೊತ್ತಿಗೆ ಕಚ್ಚುವ ಸಣ್ಣ ನೊಣಗಳ ಮೋಡ. ಈ ನೊಣಗಳ ಕಾಟವನ್ನು ಕುಕ್ ತನ್ನ ದಿನಚರಿಯಲ್ಲೇ ಬರೆದಿಟ್ಟಿದ್ದಾನೆ.

ಇಂಥಲ್ಲಿ ಕಾವಲುಗಾರನ ದಿನ ಹೇಗಿರುತ್ತದೆ? ಅರ್ಧ ಕೆಲಸ ಕಾಯುವುದೇ. ಕೊಲ್ಲಿಯಲ್ಲಿ ಗಾಳಿ ಯಾವಾಗ ಎತ್ತ ತಿರುಗೀತೆಂದು ಹೇಳಲಾಗದು. ಹಾಯಿ ಮತ್ತು ಹುಟ್ಟಿನ ಸಣ್ಣ ದೋಣಿಯೇ ವಾಹನ. ಅಲೆ ಇಳಿಯುವ ತನಕ ಸೌದೆ ಕಡಿಯುವುದು, ದೋಣಿ ರಿಪೇರಿ, ಆವರಣದ ಹಕ್ಕಿಗಳಿಗೆ ಆಹಾರ, ಆಮೇಲೆ ಬರವಣಿಗೆ. ಸರ್ಕಾರದ ಹಿನೆಮೋವಾ ಎಂಬ ಹಡಗು ಅಪರೂಪಕ್ಕೆ ಬಂದು ಸಾಮಾನು, ಕಾಗದಪತ್ರ ಕೊಟ್ಟು ಹೋಗುತ್ತಿತ್ತು. ಅದರ ಮಧ್ಯೆ ಹೊರಲೋಕದ ಸುದ್ದಿಯೇ ಇಲ್ಲ. ಬರ್ಟ್ ಕೆಲವು ವರ್ಷಗಳಲ್ಲಿ ಬಿಟ್ಟುಹೋದ. ಅನಂತರ ಬಂದವರೂ ಹೆಚ್ಚು ಕಾಲ ನಿಲ್ಲಲಿಲ್ಲ. ಎಷ್ಟೋ ಕಾಲ ಹೆನ್ರಿ ಒಬ್ಬನೇ.

ಹವೆ ತಿಳಿಯಾದ ದಿನ ಮುಖ್ಯ ಭೂಭಾಗದ ಕಾಡಿಗೆ ದೋಣಿ ಸಾಗುತ್ತಿತ್ತು. ಜೊತೆಗೊಂದು ಸಣ್ಣ ನಾಯಿ. ಹಕ್ಕಿಯನ್ನು ಕಚ್ಚದಿರಲೆಂದು ಅದರ ಬಾಯಿಗೆ ಕುಕ್ಕೆ, ಎಲ್ಲಿದೆಯೆಂದು ತಿಳಿಯಲು ಕೊರಳಿಗೆ ಗಂಟೆ. ನಾಯಿ ವಾಸನೆ ಹಿಡಿದು ಪೊದೆ ನುಗ್ಗುತ್ತದೆ; ಗಂಟೆಯ ಸದ್ದಿನ ಬೆನ್ನು ಹತ್ತಿ ಮನುಷ್ಯ ಏಳುತ್ತಾ ಬೀಳುತ್ತಾ ಓಡುತ್ತಾನೆ. ಕಾಕಪೋ ಓಡಿಹೋಗದಿದ್ದರೂ ಅದರ ಕೊಕ್ಕು, ಉಗುರು ಸಾಮಾನ್ಯವಲ್ಲ. ಹಿಡಿದ ಹಕ್ಕಿಯನ್ನು ಪಂಜರಕ್ಕೆ ಹಾಕಿ, ಬೆಟ್ಟ ಇಳಿಸಿ, ದೋಣಿಗೇರಿಸಿ, ಕೊಲ್ಲಿ ದಾಟಿಸಿ ರೆಸಲ್ಯೂಷನ್ನಿನಲ್ಲಿ ಬಿಡಬೇಕು. ಹೀಗೆ ಒಂದೊಂದಾಗಿ, ಆರು ವರ್ಷಗಳಲ್ಲಿ ಹೆನ್ರಿ ಸಾಗಿಸಿದ ಕಾಕಪೋ ಮತ್ತು ಕೀವಿಗಳು 700ಕ್ಕೂ ಹೆಚ್ಚು. ರೇಡಿಯೋ ಇಲ್ಲ, ಎಂಜಿನ್ ಇಲ್ಲ, ಹೇಳಿಕೊಡುವವರೂ ಇಲ್ಲ. ಈ ವಿಧಾನವನ್ನೆಲ್ಲ ಆತ ಮಾಡುತ್ತಾ ಮಾಡುತ್ತಾ ತಾನೇ ಕಂಡುಕೊಂಡದ್ದು.

ಸಂಜೆಯ ಬರವಣಿಗೆ ಇನ್ನೊಂದು ಬಗೆಯ ದುಡಿಮೆ. ಕಾಕಪೋ ಪ್ರತಿವರ್ಷ ಮೊಟ್ಟೆಯಿಡುವುದಿಲ್ಲ. ಮರಿ ಸಾಕುವುದು ಹೆಣ್ಣೊಂದೇ. ಗಂಡುಗಳು ನೆಲದಲ್ಲಿ ಬೋಗುಣಿಯಂಥ ಗುಂಡಿ ಮಾಡಿ ಅದರಲ್ಲಿ ಕೂತು, ಎದೆಯುಬ್ಬಿಸಿ ಡೋಲಿನಂಥ ಸದ್ದು ಹೊರಡಿಸುವುದು ಹೆಣ್ಣನ್ನು ಕರೆಯಲಿಕ್ಕೆ - ಇವನ್ನೆಲ್ಲ ಹೆನ್ರಿ ಗುರುತಿಸಿದ. 1903ರಲ್ಲಿ ನ್ಯೂಜಿಲೆಂಡಿನ ಹಾರಲಾರದ ಹಕ್ಕಿಗಳ ಬಗ್ಗೆ ಅವನ ಪುಸ್ತಕವೂ ಪ್ರಕಟವಾಯಿತು. ಗುಂಡಿ ಮತ್ತು ಸದ್ದಿನ ವಿಷಯದಲ್ಲಿ ಅವನ ಮಾತು ಸರಿಯೆಂದು ವಿಜ್ಞಾನಿಗಳು ಕಣ್ಣಾರೆ ಕಂಡು ಹೇಳಿದ್ದು 1970ರ ದಶಕದಲ್ಲಿ. ಪ್ರಯೋಗಾಲಯವಿಲ್ಲ, ಉಪಕರಣವಿಲ್ಲ ಎಂದು ವಿಜ್ಞಾನದ ಪಾಠಕ್ಕೆ ಬೆನ್ನು ತಿರುಗಿಸುವ ನಮ್ಮ ಶಾಲೆಗಳಲ್ಲಿ ಹೆನ್ರಿಯ ಒಂದು ಚಿತ್ರ ಹಾಕಬಹುದೆಂದು ನನಗೆ ಅನ್ನಿಸುತ್ತದೆ.

ಅರ್ಧ ಕಿಲೋಮೀಟರ್ ನೀರು

ರೆಸಲ್ಯೂಷನ್ ದ್ವೀಪಕ್ಕೂ ಮುಖ್ಯ ಭೂಭಾಗಕ್ಕೂ ನಡುವೆ ತೀರಾ ಕಿರಿದಾದ ಕಡೆ ಇರುವ ನೀರು ಸುಮಾರು ಅರ್ಧ ಕಿಲೋಮೀಟರ್ ಅಷ್ಟೇ. 1900ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗರು ಒಂದು ಸುದ್ದಿ ಹೇಳಿದರು: ದ್ವೀಪದ ದಂಡೆಯಲ್ಲಿ ವೀಸಲ್‌ನಂಥ ಪ್ರಾಣಿಯೊಂದು ವೇಕಾ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಹೆನ್ರಿ ನಂಬಲು ಸಿದ್ಧನಿರಲಿಲ್ಲ. ಕೆಲವು ತಿಂಗಳ ಮೇಲೆ ಅದನ್ನು ತಾನೇ ಕಂಡ. ಸ್ಟೋಟ್.

ಒಂದು ಸ್ಟೋಟ್ ಕಂಡಿತೆಂದರೆ ಕಾಣದವು ಎಷ್ಟೋ. ಆರು ವರ್ಷ ಬೆನ್ನ ಮೇಲೆ ಹೊತ್ತು ತಂದ ಹಕ್ಕಿಗಳೆಲ್ಲ ಈಗ ಒಂದೇ ಕಡೆ ಸೇರಿದ್ದವು, ಓಡಲು ಕಲಿಯದೆ. ಅಷ್ಟು ದೊಡ್ಡ ದ್ವೀಪದಲ್ಲಿ ಅಂಗೈಯಗಲದ ಪ್ರಾಣಿಯನ್ನು ಒಬ್ಬ ಮನುಷ್ಯ ಹುಡುಕಿ ಮುಗಿಸುವುದು ಆಗದ ಮಾತು. ಆದರೂ ಹೆನ್ರಿ ಬಿಟ್ಟುಹೋಗಲಿಲ್ಲ. ಇನ್ನೂ ಎಂಟು ವರ್ಷ ಅಲ್ಲೇ ಇದ್ದ. ಇದು ಹಟವೋ, ಕರ್ತವ್ಯವೋ, ಹೋಗಲು ಬೇರೆ ಜಾಗವಿರಲಿಲ್ಲವೋ, ಮೂರೂ ಇದ್ದೀತು. 1908ರಲ್ಲಿ ಅವನನ್ನು ವೆಲಿಂಗ್ಟನ್‌ಗೆ ಹತ್ತಿರದ ಕಾಪಿಟಿ ದ್ವೀಪದ ಕಾವಲಿಗೆ ಕಳಿಸಲಾಯಿತು. ಅಲ್ಲಿ ಕೆಲವು ವರ್ಷ ದುಡಿದು ನಿವೃತ್ತನಾದ. ರೆಸಲ್ಯೂಷನ್ನಿನಲ್ಲಿ ಅವನು ಬಿಟ್ಟ ಕಾಕಪೋಗಳ ಸಂತತಿ ಉಳಿಯಲಿಲ್ಲ. 1929ರಲ್ಲಿ, ಆಕ್ಲೆಂಡಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ ಹೆನ್ರಿ ತೀರಿಕೊಂಡ. ಅಂತ್ಯಕ್ರಿಯೆಗೆ ಬಂದವನು ಒಬ್ಬ ಪೋಸ್ಟ್‌ಮಾಸ್ಟರ್ ಮಾತ್ರ.

ಹಾಗಾದರೆ ಇದು ಸೋತವನ ಕಥೆಯೇ? ಹಾಗೆ ಬರೆದವರೂ ಇದ್ದಾರೆ. ಆದರೆ ಅವನ ಲೆಕ್ಕಾಚಾರದಲ್ಲಿ ತಪ್ಪಿದ್ದು ದೂರವೊಂದೇ. ನೀರು ಇನ್ನೂ ಅಗಲವಿದ್ದಿದ್ದರೆ ಫಲ ಬೇರೆಯಾಗಬಹುದಿತ್ತು. ಹಕ್ಕಿಯನ್ನು ಶತ್ರುವಿಲ್ಲದ ದ್ವೀಪಕ್ಕೆ ಸಾಗಿಸಿ ಕಾಯುವ ಅವನ ಉಪಾಯವೇ ಇವತ್ತು ನ್ಯೂಜಿಲೆಂಡ್ ಹಿಡಿದಿರುವ ದಾರಿ.

1970ರ ದಶಕದ ಹೊತ್ತಿಗೆ ಫಿಯೋರ್ಡ್‌ಲ್ಯಾಂಡಿನ ದುರ್ಗಮ ಕಣಿವೆಗಳಲ್ಲಿ ಉಳಿದಿದ್ದ ಕಾಕಪೋಗಳು ಬೆರಳೆಣಿಕೆಯಷ್ಟು. ಸಿಕ್ಕಿದವೆಲ್ಲ ಗಂಡು. ಆ ಕುಲ ಅಲ್ಲಿಗೆ ಮುಗಿದಂತೆಯೇ ಎಂದುಕೊಂಡಿದ್ದಾಗ 1977ರಲ್ಲಿ ಇನ್ನೂ ದಕ್ಷಿಣದ ಸ್ಟೂವರ್ಟ್ ದ್ವೀಪದಲ್ಲಿ ಹೆಣ್ಣುಗಳೂ ಇರುವ ಇನ್ನೊಂದು ಗುಂಪು ಪತ್ತೆಯಾಯಿತು. 1975ರಲ್ಲಿ ಫಿಯೋರ್ಡ್‌ಲ್ಯಾಂಡಿನಲ್ಲಿ ಹಿಡಿದ ಒಂದು ಗಂಡಿಗೆ ರಿಚರ್ಡ್ ಹೆನ್ರಿ ಎಂದೇ ಹೆಸರಿಟ್ಟಿದ್ದರು. 1998ರಲ್ಲಿ ಮಾಡ್ ದ್ವೀಪದಲ್ಲಿ, ಸ್ಟೂವರ್ಟ್ ದ್ವೀಪದಿಂದ ಬಂದ ಫ್ಲಾಸಿ ಎಂಬ ಹೆಣ್ಣಿನಿಂದ ಅದಕ್ಕೆ ಮೂರು ಮರಿಗಳಾದವು. ಫಿಯೋರ್ಡ್‌ಲ್ಯಾಂಡಿನ ರಕ್ತ ಇಂದು ಕಾಕಪೋಗಳಲ್ಲಿ ಉಳಿದಿರುವುದು ಈ ಮೂರರಿಂದಲೇ. ಆ ಮುದಿ ಗಿಳಿ 2010ರ ಡಿಸೆಂಬರ್‌ನಲ್ಲಿ ಸತ್ತಿತು. 1995ರಲ್ಲಿ ಒಟ್ಟು 51ಕ್ಕೆ ಇಳಿದಿದ್ದ ಕಾಕಪೋಗಳ ಸಂಖ್ಯೆ 2022ರಲ್ಲಿ 252ಕ್ಕೆ ಏರಿತ್ತು.

ಈಗಿನ ಕಾವಲುಗಾರರ ದಿನಚರಿ ಸ್ವಲ್ಪ ಬದಲಾಗಿದೆ. ಸ್ಟೂವರ್ಟ್ ದ್ವೀಪದ ಪಕ್ಕದ ವೆನುವಾ ಹೌ ಎಂಬ ದ್ವೀಪಕ್ಕೆ ಹೋಗುವವರ ಚೀಲ, ಬೂಟು, ಬಟ್ಟೆಯ ಮಡಿಕೆಗಳನ್ನೆಲ್ಲ ಮೊದಲೇ ತಪಾಸಣೆ ಮಾಡುತ್ತಾರೆ. ಒಂದು ಕಳೆಬೀಜವೂ, ಒಂದು ಇಲಿಮರಿಯೂ ನುಸುಳಬಾರದು. ಅಲ್ಲಿ ಕಾಕಪೋಗಳ ಬೆನ್ನಿಗೆ ಪುಟ್ಟ ರೇಡಿಯೋ ಕಟ್ಟಿರುತ್ತಾರೆ. ಅದರ ಬ್ಯಾಟರಿ ಬದಲಿಸಲು ಕಾಡೆಲ್ಲ ಸುತ್ತಿ ಹಕ್ಕಿ ಹಿಡಿಯಬೇಕು. ರಿಮು ಎಂಬ ಮರ ಸಮೃದ್ಧವಾಗಿ ಹಣ್ಣು ಬಿಡುವ ವರ್ಷಗಳಲ್ಲಿ ಮಾತ್ರ ಅವು ಅಲ್ಲಿ ಮರಿ ಮಾಡುತ್ತವೆ. ಆ ವರ್ಷ ಗೂಡಿನ ಬಳಿ ರಾತ್ರಿ ಕಾವಲು, ಮರಿಗಳ ತೂಕ, ಎಲ್ಲದಕ್ಕೂ ಲೆಕ್ಕ. ಮಳೆಯಲ್ಲಿ ನೆನೆಯುವುದು, ಕೆಸರಿನಲ್ಲಿ ಜಾರುವುದು ಮಾತ್ರ ಹೆನ್ರಿಯ ಕಾಲದಲ್ಲಿದ್ದಂತೆಯೇ ಇದೆ.

ಡಸ್ಕಿ ಸೌಂಡ್‌ಗೂ ಕಾಕಪೋ ಹಿಂತಿರುಗಿದೆ. ಅಲ್ಲಿನ ಆಂಕರ್ ದ್ವೀಪದಿಂದ ಸ್ಟೋಟ್‌ಗಳನ್ನು ತೆಗೆದುಹಾಕಿದ ಮೇಲೆ 2005ರಲ್ಲಿ ಹಕ್ಕಿಗಳನ್ನು ತಂದು ಬಿಟ್ಟರು. 2016ರಲ್ಲಿ ಅವು ಅಲ್ಲಿ ಮರಿ ಮಾಡಿದವು. ರೆಸಲ್ಯೂಷನ್ನಿನಲ್ಲೂ 2008ರಲ್ಲಿ ಸ್ಟೋಟ್ ನಿರ್ಮೂಲನದ ದೊಡ್ಡ ಕಾರ್ಯಾಚರಣೆ ಶುರುವಾಯಿತು. ಮತ್ತೆ ಒಂದು ಈಜಿಕೊಂಡು ಬಂದೀತೆಂಬ ಭಯ ಇದ್ದೇ ಇದೆ. ಅದಕ್ಕಾಗಿ ಆಂಕರ್ ದ್ವೀಪದಲ್ಲಿ, ನಡುವಿನ ಪುಟ್ಟ ದ್ವೀಪಗಳಲ್ಲಿ, ಎದುರಿನ ಭೂಭಾಗದ ದಂಡೆಯಲ್ಲಿ ಬೋನುಗಳನ್ನು ಇಟ್ಟಿದ್ದಾರೆ. ಅವಕ್ಕೆ ಹೊಸ ಮಾಂಸ ಕಟ್ಟಿ, ಬಿದ್ದದ್ದೇನೆಂದು ನೋಡಿ ಬರೆದುಕೊಳ್ಳಲು ಕಾವಲಿನವರು ಮತ್ತೆ ಮತ್ತೆ ಅಲ್ಲಿಗೆ ಹೋಗುತ್ತಾರೆ. ಹವೆ ಕೆಟ್ಟರೆ ದೋಣಿ ಕಟ್ಟಿ ಕಾಯುತ್ತಾರೆ.