ಸತ್ತ ಮೇಲೂ ಉಗುರು ಬೆಳೆಯುವುದೇ?

ಮನೆಯ ಹಿರಿಯರೊಬ್ಬರು ತೀರಿಕೊಂಡಿದ್ದಾರೆ. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿ ತಲೆಯ ಬಳಿ ದೀಪ ಹಚ್ಚಿಟ್ಟಿದ್ದಾರೆ. ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿದ್ದಾಗಿದೆ. ಆದರೆ ಅವರ ಕಿವಿಯೆಲ್ಲ ಇತ್ತಲೇ. ‘ರಾತ್ರಿ ಹೆಣ ನರಳಿತಂತೆ’, ‘ಚಿತೆಯ ಮೇಲೆ ಎದ್ದು ಕುಳಿತಿತಂತೆ’, ‘ಸತ್ತ ಮೇಲೂ ಗಡ್ಡ ಬೆಳೆದಿತ್ತಂತೆ’ ಎಂಬ ಪಿಸುಮಾತುಗಳು. ನಿಜವೇ ಎಂದು ದೊಡ್ಡವರನ್ನು ಕೇಳಿದರೆ ‘ಬಿಡ್ತು ಅನ್ನು’ ಎಂಬ ಗದರಿಕೆ.

ಉತ್ತರ ಸಿಗದ ಪ್ರಶ್ನೆ ಭಯವಾಗಿ ಬೇರೂರುತ್ತದೆ. ಆ ಭಯ ಮುಂದೊಂದು ದಿನ ಯಾರದೋ ಕಣ್ಣಿಗೆ ಬರಬಹುದಾಗಿದ್ದ ಬೆಳಕನ್ನೂ ತಡೆಯಬಹುದು. ಆದ್ದರಿಂದ ಈ ಪಿಸುಮಾತುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು.

ಬೆಳೆಯುವುದಲ್ಲ, ಒಣಗುವುದು

ಉಗುರು, ಕೂದಲು ಬೆಳೆಯಬೇಕಾದರೆ ಬುಡದಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತಿರಬೇಕು. ಅದಕ್ಕೆ ಬೇಕಾದ ಸಕ್ಕರೆ ಮತ್ತು ಆಮ್ಲಜನಕವನ್ನು ತರುವುದು ರಕ್ತ. ಹೃದಯ ನಿಂತ ಮೇಲೆ ಈ ಸರಬರಾಜೂ ನಿಲ್ಲುತ್ತದೆ. ಹಾಗಾದರೆ ಗಡ್ಡ ಬೆಳೆದದ್ದನ್ನು ಕಂಡವರು ಸುಳ್ಳು ಹೇಳಿದರೇ? ಇಲ್ಲ. ಸಾವಿನ ನಂತರ ಚರ್ಮದಲ್ಲಿನ ನೀರಿನಂಶ ಆರಿ, ಚರ್ಮ ಹಿಂದಕ್ಕೆ ಸರಿಯುತ್ತದೆ. ಅಷ್ಟರವರೆಗೆ ಒಳಗೆ ಮುಚ್ಚಿಕೊಂಡಿದ್ದ ಕೂದಲು, ಉಗುರಿನ ಭಾಗ ಹೊರಗೆ ಕಾಣುತ್ತದೆ. ಕೆರೆಯ ನೀರು ಇಳಿದಾಗ ಬಂಡೆ ಮೇಲೆದ್ದಂತೆ ಕಾಣುವುದಿಲ್ಲವೇ, ಇದೂ ಹಾಗೆಯೇ.

ಗದ್ದಕ್ಕೆ ಕಟ್ಟುವ ಬಟ್ಟೆ

ಪ್ರಾಣ ಹೋದ ಕೂಡಲೇ ಹಿರಿಯರು ಕಣ್ಣು ಮುಚ್ಚಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುತ್ತಾರೆ. ಅದರ ಹಿಂದೆ ತಲೆಮಾರುಗಳ ಅನುಭವವಿದೆ. ಸತ್ತ ಮೇಲೆ ಸ್ನಾಯುಗಳು ಮೊದಲು ಸಡಿಲವಾಗುತ್ತವೆ. ಎರಡರಿಂದ ನಾಲ್ಕು ಗಂಟೆಗಳಲ್ಲಿ ಬಿಗಿಯತೊಡಗುತ್ತವೆ. ಈ ಬಿಗಿತ ಮೊದಲು ಕಾಣುವುದು ರೆಪ್ಪೆ ಮತ್ತು ದವಡೆಯಲ್ಲಿ. ಸುಮಾರು 12 ಗಂಟೆಗಳಲ್ಲಿ ಇಡೀ ದೇಹ ಸೆಟೆದುಕೊಳ್ಳುತ್ತದೆ. ಒಂದೆರಡು ದಿನಗಳಲ್ಲಿ ಮತ್ತೆ ಸಡಿಲಗೊಳ್ಳುತ್ತದೆ. ಸೆಕೆ ಹೆಚ್ಚಿದ್ದಲ್ಲಿ ಇದೆಲ್ಲ ಇನ್ನೂ ಬೇಗ. ಬಿಗಿದ ಸ್ನಾಯು ಸಡಿಲವಾಗಲೂ ಶಕ್ತಿ ಬೇಕು. ಉಸಿರು ನಿಂತ ದೇಹದಲ್ಲಿ ಆ ಶಕ್ತಿಯ ದಾಸ್ತಾನು ಬರಿದಾಗುವುದೇ ಇದಕ್ಕೆ ಕಾರಣ. ಮೃತರ ‘ಆಸೆ ತೀರದೆ’ ಕೈ ಸೆಟೆಯುವುದಿಲ್ಲ.

ಬೆನ್ನಿನ ಕಡೆ ಕಾಣುವ ಕೆನ್ನೀಲಿ ಕಲೆಗಳೂ ಅನೇಕರಲ್ಲಿ ಅನುಮಾನ ಹುಟ್ಟಿಸುತ್ತವೆ. ಹರಿಯುವುದನ್ನು ನಿಲ್ಲಿಸಿದ ರಕ್ತ ತನ್ನ ಭಾರಕ್ಕೇ ಕೆಳಗಿಳಿದು ನಿಂತಾಗ ಹೀಗಾಗುತ್ತದೆ. ಅದೊಂದರಿಂದಲೇ ಹೊಡೆತ, ವಿಷ ಎಂದು ತೀರ್ಮಾನಿಸಬಾರದು.

ನರಳಿಕೆ ಮತ್ತು ಚಿತೆ

ಶವವನ್ನು ಹೊರಳಿಸಿದಾಗ, ಎತ್ತಿದಾಗ ಶ್ವಾಸಕೋಶದಲ್ಲಿ ಉಳಿದಿದ್ದ ಗಾಳಿ ಗಂಟಲಿನ ಮೂಲಕ ಹೊರಬರಬಹುದು. ಕೇಳುವವರಿಗೆ ಅದು ನರಳಿಕೆಯಂತೆಯೇ ಇರುತ್ತದೆ. ಇನ್ನು ಚಿತೆಯ ಮಾತು. ಬೆಂಕಿಯ ಶಾಖಕ್ಕೆ ಸ್ನಾಯುಗಳು ಕುಗ್ಗಿ, ಮೊಣಕೈ ಮೊಣಕಾಲುಗಳು ಮಡಚಿಕೊಳ್ಳುತ್ತವೆ. ಉರಿಯ ನಡುವೆ ಈ ಚಲನೆ ಕಂಡವರ ಬಾಯಲ್ಲಿ ಅದೇ ‘ಎದ್ದು ಕುಳಿತಿತು’ ಎಂದಾಗುತ್ತದೆ.

ಆದರೆ ಒಂದು ಎಚ್ಚರ. ನಾಗರ, ಕಟ್ಟುಹಾವು ಕಚ್ಚಿದವರು, ನೀರಿನಲ್ಲಿ ಮುಳುಗಿದವರು, ವಿದ್ಯುತ್ ಆಘಾತಕ್ಕೆ ಒಳಗಾದವರು ಜೀವವಿದ್ದೂ ಸತ್ತಂತೆ ಕಾಣಬಹುದು. ಅವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸಾವನ್ನು ಖಚಿತಪಡಿಸಬೇಕಾದವರು ವೈದ್ಯರು, ನೆರೆಹೊರೆಯವರಲ್ಲ.

ಆರು ಗಂಟೆಗಳ ಅವಕಾಶ

ದೇಹದ ಎಲ್ಲ ಭಾಗಗಳೂ ಒಂದೇ ಕ್ಷಣಕ್ಕೆ ಸಾಯುವುದಿಲ್ಲ. ಆಮ್ಲಜನಕ ತಪ್ಪಿದರೆ ಮಿದುಳಿನ ಕೋಶಗಳು ಕೆಲವೇ ನಿಮಿಷಗಳಲ್ಲಿ ಸಾಯತೊಡಗುತ್ತವೆ. ಆದರೆ ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪಟಲ, ಅಂದರೆ ಕಾರ್ನಿಯಾ, ಗಂಟೆಗಟ್ಟಲೆ ಬಾಳುತ್ತದೆ. ಅದರಲ್ಲಿ ರಕ್ತನಾಳಗಳಿಲ್ಲ. ಬೇಕಾದ ಆಮ್ಲಜನಕದ ಬಹುಪಾಲನ್ನು ಅದು ನೇರವಾಗಿ ಗಾಳಿಯಿಂದಲೇ ಪಡೆಯುತ್ತದೆ. ಸಾವಿನ ನಂತರ ಸುಮಾರು ಆರು ಗಂಟೆಗಳೊಳಗೆ ತೆಗೆದರೆ, ಕಾರ್ನಿಯಾ ಕೆಟ್ಟು ಕುರುಡಾದವರಿಗೆ ಅದನ್ನು ಜೋಡಿಸಬಹುದು.

ಮೂಢನಂಬಿಕೆ ಅಡ್ಡ ಬರುವುದು ಸರಿಯಾಗಿ ಇಲ್ಲಿಯೇ. ‘ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗುತ್ತಾರೆ’ ಎನ್ನುವವರುಂಟು. ಕೊಡದಿದ್ದರೂ ಆ ಕಣ್ಣು ಚಿತೆಯಲ್ಲಿ ಬೂದಿಯಾಗುತ್ತದೆ, ಇಲ್ಲವೇ ಮಣ್ಣಿನಲ್ಲಿ ಕರಗುತ್ತದೆ. ‘ಮುಖ ವಿಕಾರವಾಗುತ್ತದೆ’ ಎನ್ನುವುದೂ ನಿಜವಲ್ಲ. ಕೆಲಸ ಇಪ್ಪತ್ತು ಮೂವತ್ತು ನಿಮಿಷಗಳದು. ರೆಪ್ಪೆ ಮುಚ್ಚಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಅಂತ್ಯಕ್ರಿಯೆಯೂ ತಡವಾಗುವುದಿಲ್ಲ. ವಯಸ್ಸಾದವರು, ಕನ್ನಡಕ ಹಾಕುತ್ತಿದ್ದವರು, ಸಕ್ಕರೆ ಕಾಯಿಲೆಯಿದ್ದವರು, ಪೊರೆಯ ಶಸ್ತ್ರಚಿಕಿತ್ಸೆ ಆದವರು ಕೂಡ ಕಣ್ಣು ಕೊಡಬಹುದು. ಹುಚ್ಚುನಾಯಿ ರೋಗ, ಏಡ್ಸ್, ಕಾಮಾಲೆಯ ಕೆಲವು ಬಗೆಯ ಸೋಂಕುಗಳಿಂದ ಸತ್ತವರ ಕಣ್ಣನ್ನು ಮಾತ್ರ ಬಳಸುವುದಿಲ್ಲ.

ಕನ್ನಡಿಗರಿಗೆ ಇದನ್ನು ಮನವರಿಕೆ ಮಾಡಿಸಿದ್ದು ಒಂದು ಮನೆತನ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಶಿವನಿಗೆ ಕಣ್ಣು ಕಿತ್ತುಕೊಟ್ಟ ಭಕ್ತನಾಗಿ ನಾಯಕಪಾತ್ರ ಆರಂಭಿಸಿದ ಡಾ. ರಾಜ್‌ಕುಮಾರ್, 1994ರಲ್ಲಿ ಬೆಂಗಳೂರಿನಲ್ಲಿ ತಮ್ಮ ಹೆಸರಿನ ನೇತ್ರ ಬ್ಯಾಂಕ್ ಉದ್ಘಾಟಿಸಿದರು. 2006ರ ಏಪ್ರಿಲ್ 12ರಂದು ಅವರು ನಿಧನರಾದಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಮಗ ಪುನೀತ್ ತೀರಿಕೊಂಡಾಗ, ಅವರ ಎರಡು ಕಾರ್ನಿಯಾಗಳನ್ನು ಮುಂಪದರ, ಹಿಂಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ಜೋಡಿಸಲಾಯಿತು.

ಮನೆಯಲ್ಲಿ ಮಾತಾಗಲಿ

ಸಾವಿನ ಮನೆಯಲ್ಲಿ ಆರು ಗಂಟೆಗಳು ಅಳುವಿನಲ್ಲಿ, ನೆಂಟರಿಗೆ ಸುದ್ದಿ ಮುಟ್ಟಿಸುವುದರಲ್ಲಿ ಕಳೆದುಹೋಗುತ್ತವೆ. ಪ್ರತಿಜ್ಞಾ ಪತ್ರ ಬರೆದಿದ್ದರೂ ಮನೆಯವರು ನೇತ್ರ ಬ್ಯಾಂಕಿಗೆ ತಿಳಿಸದಿದ್ದರೆ ಆ ಕಾಗದ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಪತ್ರ ಬರೆಯದಿದ್ದರೂ ಮನೆಯವರು ಒಪ್ಪಿದರೆ ಸಾಕು. ಮೃತರ ರೆಪ್ಪೆ ಮುಚ್ಚಿ ಒದ್ದೆ ಹತ್ತಿಯಿಡುವುದು, ಫ್ಯಾನ್ ನಿಲ್ಲಿಸುವುದು, ತಲೆಯ ಕೆಳಗೆ ದಿಂಬಿಡುವುದು, ಕೂಡಲೇ ದೂರವಾಣಿ ಮಾಡುವುದು, ಇಷ್ಟೇ ಕೆಲಸ. ಶಾಲೆಗೆ ಹೋಗುವ ಮಕ್ಕಳೂ ಇದನ್ನು ನೆನಪಿಟ್ಟು ದೊಡ್ಡವರಿಗೆ ಹೇಳಬಲ್ಲರು.

ಆದರೆ ಆ ಮಾತು ಎಲ್ಲರೂ ಆರೋಗ್ಯವಾಗಿರುವಾಗಲೇ ಆಗಿರಬೇಕು. ಮಗು ಮುಂದಿನ ಸಲ ‘ಸತ್ತ ಮೇಲೆ ಏನಾಗುತ್ತದೆ?’ ಎಂದು ಕೇಳಿದಾಗ ‘ಬಿಡ್ತು ಅನ್ನು’ ಎನ್ನುವ ಬದಲು ಹತ್ತಿರ ಕೂರಿಸಿಕೊಂಡು ಉತ್ತರ ಹೇಳಿ.